ಕಮ್ಮಾರನ ಮೊಲ

"ಗುರುಗಳೇ, ಹೆಮ್ಮೆಯನ್ನು ಬಿಡಿ ಎಂದು ದಿನವೂ ಹೇಳುತ್ತೀರಿ. ಮನುಷ್ಯ ಇಟ್ಟುಕೊಳ್ಳಬಹುದಾದ ಹೆಮ್ಮೆ ಒಂದಾದರೂ ಇಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಕಾಡಿನ ಅಂಚಿಗೆ ಒಂದು ಊರು. ಅಲ್ಲಿ ಮೋನಪ್ಪನೆಂಬ ಕಮ್ಮಾರನಿದ್ದ. ಊರಿನ ಬಾಣಗಳ ಮೊನೆಗಳೆಲ್ಲ ಅವನ ಕುಲುಮೆಯಲ್ಲೇ ಹುಟ್ಟುತ್ತಿದ್ದವು. ಇಪ್ಪತ್ತು ವರ್ಷಗಳಲ್ಲಿ ಆ ಊರಿನವರು ಹೊಡೆದ ಪ್ರತಿಯೊಂದು ಜಿಂಕೆಯ ಮೈಯಲ್ಲೂ ಅವನು ತಟ್ಟಿದ ಕಬ್ಬಿಣ ಹೊಕ್ಕಿತ್ತು. ಆದರೆ ಬೇಟೆಯ ದಿನ ಅವನು ನಡೆಯುತ್ತಿದ್ದದ್ದು ಕೂಗು ಹಾಕುತ್ತಾ ಪ್ರಾಣಿಗಳನ್ನು ಅಟ್ಟುವವರ ಸಾಲಿನಲ್ಲಿ. ಬಿಲ್ಲು ಹಿಡಿದವರ ಸಾಲಿಗೆ ಅವನನ್ನು ಯಾರೂ ಕರೆದಿರಲಿಲ್ಲ.

ಅವನ ಗೆಳೆಯ ಓಬಳನೆಂಬ ಬೇಡ. ಅಟ್ಟಿದ ಜಿಂಕೆಗಳು ಹಾಯುವುದು ಒಂದು ಇಕ್ಕಟ್ಟಾದ ಕಣಿವೆಯಲ್ಲಿ. ಆ ಕಣಿವೆಯ ಬಾಯಲ್ಲಿ ನಿಲ್ಲುವ ಹಕ್ಕು ವರ್ಷಕ್ಕೆ ಒಬ್ಬನಿಗೆ ಮಾತ್ರ. ಹನ್ನೆರಡು ವರ್ಷ ಅಲ್ಲಿ ನಿಂತವನು ಓಬಳ. ಒಂದು ಬೇಸಿಗೆಯಲ್ಲಿ ಅವನು ಜೇನು ಕೀಳಲು ಹೋಗಿ ಬಂಡೆಯಿಂದ ಬಿದ್ದ. ಮುರಿದ ಭುಜ ಕೂಡಿಕೊಂಡಿತು, ಆದರೆ ಬಿಲ್ಲು ಎಳೆಯುವ ಕಸುವು ತಿರುಗಿ ಬರಲಿಲ್ಲ.

ಅವನು ತನ್ನ ಬಿಲ್ಲನ್ನು ತಂದು ಕುಲುಮೆಯ ಮುಂದೆ ಇಟ್ಟ.

"ಇದು ಮೂಲೆಯಲ್ಲಿ ಬಿದ್ದಿರುವುದನ್ನು ನಾನು ನೋಡಲಾರೆ ಮೋನಪ್ಪ. ನೀನು ಹಿಡಿ, ನಾನು ಕಲಿಸುತ್ತೇನೆ."

"ಈ ವಯಸ್ಸಿನಲ್ಲೇ?"

"ದಿನವಿಡೀ ಸುತ್ತಿಗೆ ಎತ್ತುವ ತೋಳು ನಿನ್ನದು. ಬಿಲ್ಲು ಭಾರವಾದೀತೇ?"

ಕಮ್ಮಾರ ಮೂರು ವರ್ಷ ಕಲಿತ. ಮೊದಲ ವರ್ಷ ಅವನ ಬಾಣಗಳು ಮರಕ್ಕೂ ತಗುಲಲಿಲ್ಲ. ಎರಡನೆಯ ವರ್ಷ ನಿಂತದ್ದಕ್ಕೆ ತಗುಲಿದವು. ಮೂರನೆಯ ವರ್ಷ ಓಡುವುದಕ್ಕೂ ಹಾರುವುದಕ್ಕೂ ತಗುಲತೊಡಗಿದವು. ಬೇಡ ಹೊಗಳುವವನಲ್ಲ. ಬಾಣ ಗುರಿ ಮುಟ್ಟಿದಾಗ ಒಮ್ಮೆ ಕೆಮ್ಮುತ್ತಿದ್ದ, ಅಷ್ಟೇ.

ಜಿಂಕೆ ಬೇಟೆಗೆ ಮುಂಚೆ ಹದಿನೈದು ದಿನ ಸಣ್ಣ ಬೇಟೆ ನಡೆಸುವುದು ಆ ಊರಿನ ಪದ್ಧತಿ. ಕೈ ಪಳಗಲಿ, ಕಾಲಿಗೆ ಕಾಡಿನ ದಾರಿ ನೆನಪಾಗಲಿ ಎಂದು ಜನ ಇಬ್ಬಿಬ್ಬರಾಗಿ ಮೊಲಕ್ಕೂ ಕೌಜುಗಕ್ಕೂ ಕಾಡುಕೋಳಿಗೂ ಹೋಗುತ್ತಿದ್ದರು. ಕೊನೆಯ ದಿನ ಮಾತ್ರ ಅದು ಪಂದ್ಯ. ಸೂರ್ಯ ನೆತ್ತಿಗೆ ಬರುವುದರೊಳಗೆ ಊರ ಬಾಗಿಲಿಗೆ ತಾನೇ ಬಂದು ಎಲ್ಲರಿಗಿಂತ ಹೆಚ್ಚು ಬೇಟೆಯನ್ನು ಗೌಡರ ಮುಂದೆ ಇಟ್ಟವನಿಗೆ ಕಣಿವೆಯ ಬಾಯಿ. ಹೊತ್ತು ಮೀರಿ ಬಂದವನಿಗೆ ಬಿಲ್ಲುಗಾರರ ಸಾಲಿನ ಕೊನೆಯ ಜಾಗ.

ಆ ದಿನ ಗೆಳೆಯರಿಬ್ಬರೂ ನಸುಕಿಗೇ ಹೊರಟರು. ಬೇಡನ ಕೈಯಲ್ಲಿ ಬಿಲ್ಲಿರಲಿಲ್ಲ, ಬೇಟೆ ತುಂಬುವ ಚೀಲವಿತ್ತು. ಅವನು ಕಣ್ಣಲ್ಲೇ ಪೊದೆ ತೋರಿಸುವನು, ಕಮ್ಮಾರ ಹೆದೆ ಎಳೆಯುವನು. ಬಿಸಿಲು ಏರುವಷ್ಟರಲ್ಲಿ ಚೀಲದಲ್ಲಿ ಒಂಬತ್ತು ಕೌಜುಗಗಳೂ ಎರಡು ಕಾಡುಕೋಳಿಗಳೂ ಇದ್ದವು. ಓಬಳ ತನ್ನ ಒಳ್ಳೆಯ ಕಾಲದಲ್ಲೂ ಕೊನೆಯ ದಿನ ಹತ್ತು ದಾಟಿದವನಲ್ಲ.

"ಸಾಕು, ನಡೆ. ಕಣಿವೆ ನಿನ್ನದಾಯಿತು" ಎಂದು ಅವನು ಚೀಲ ಹೆಗಲಿಗೇರಿಸಿದ.

ಅದೇ ಹೊತ್ತಿಗೆ ಒಂದು ಮೊಲ ದಾರಿಗೆ ಅಡ್ಡ ಓಡಿತು. ಕಮ್ಮಾರನ ಕೈ ಅವನನ್ನು ಕೇಳಲಿಲ್ಲ. ಬಾಣ ಹೋಗಿ ಮೊಲದ ಹಿಂಗಾಲಿಗೆ ನಾಟಿತು. ಮೊಲ ಒಮ್ಮೆ ಉರುಳಿ, ಎದ್ದು, ಬಾಣವನ್ನು ಎಳೆದುಕೊಂಡೇ ಮುಳ್ಳುಪೊದೆಗಳೊಳಗೆ ಮರೆಯಾಯಿತು.

ಕಮ್ಮಾರ ಅತ್ತ ಹೆಜ್ಜೆ ಇಟ್ಟ. ಬೇಡ ಅವನ ತೋಳು ಹಿಡಿದ.

"ಹೊತ್ತಿಲ್ಲ ಮೋನಪ್ಪ, ಬಿಡು."

"ತಗುಲಿದ ಪ್ರಾಣಿಯನ್ನು ನರಳಲು ಬಿಟ್ಟು ಬರಬೇಡ ಎಂದು ಮೊದಲ ದಿನ ಹೇಳಿಕೊಟ್ಟವನು ನೀನೇ."

"ನಾನು ಹೇಳಿದ್ದು ಜಿಂಕೆಗೆ. ಮೊಲಕ್ಕಲ್ಲ."

"ಹೇಳುವಾಗ ಪ್ರಾಣಿಯ ಹೆಸರು ಹೇಳಿರಲಿಲ್ಲ ನೀನು."

ಬೇಡನಿಗೆ ಸಿಟ್ಟು ಬಂತು. "ಮೂರು ವರ್ಷ ನಿನ್ನ ಹಿಂದೆ ನಿಂತು ಬಾಣ ಆರಿಸಿಕೊಟ್ಟಿದ್ದೇನೆ. ನಿನ್ನನ್ನು ಆ ಜಾಗದಲ್ಲಿ ಒಂದು ದಿನ ನೋಡಬೇಕೆಂದು. ಒಂದು ಮೊಲಕ್ಕಾಗಿ ಅದನ್ನು ಕಳೆಯುತ್ತೀಯಾ?" ಎಂದ. ಕಮ್ಮಾರ ಆಗಲೇ ಪೊದೆಯತ್ತ ಬಗ್ಗಿದ್ದನ್ನು ಕಂಡು, "ಚೀಲ ನಾನು ಒಯ್ಯುತ್ತೇನೆ. ಗೌಡರನ್ನು ಮಾತಿನಲ್ಲಿ ಹಿಡಿದಿಟ್ಟಿರುತ್ತೇನೆ. ಬೇಗ ಬಾ" ಎಂದು ಹೇಳಿ ಊರ ಕಡೆ ನಡೆದ.

ಕಮ್ಮಾರ ರಕ್ತದ ಹನಿ ನೋಡಿಕೊಂಡು ಹೊರಟ. ಸ್ವಲ್ಪ ದೂರದಲ್ಲಿ ಮುರಿದ ಬಾಣ ಸಿಕ್ಕಿತು. ಅದರಾಚೆ ಹನಿಗಳು ವಿರಳವಾದವು. ಅವನು ಬಗ್ಗಿ ನಡೆದ, ಮಂಡಿಯೂರಿ ತೆವಳಿದ. ಮುಳ್ಳು ಅಂಗಿ ಹರಿಯಿತು, ಅಂಗೈ ಗೀರಿತು. ಕೊನೆಗೆ ಹನಿಗಳೇ ಕಾಣದಾದವು.

ಆಗ ತಲೆ ಎತ್ತಿದರೆ ಹತ್ತು ಹೆಜ್ಜೆ ಆಚೆ ಒಂದು ಮೊಲ ಕುಳಿತಿತ್ತು. ಬೇರೆ ಮೊಲ. ಕೊಬ್ಬಿದ್ದು, ಗಾಯವಿಲ್ಲದ್ದು. ಗಾಳಿ ಅದರ ಕಡೆಯಿಂದ ಬೀಸುತ್ತಿದ್ದುದರಿಂದ ಅದಕ್ಕೆ ಇವನ ಸುಳಿವಿರಲಿಲ್ಲ.

ಕಮ್ಮಾರ ಸೂರ್ಯನನ್ನು ನೋಡಿದ. ಇನ್ನೂ ಹೊತ್ತಿತ್ತು. ಇದನ್ನು ಹೊಡೆದು ಓಡಿದರೆ ಊರ ಬಾಗಿಲು ಮುಟ್ಟಬಹುದು. ಹುಡುಕಿದೆ, ಸಿಕ್ಕಿತು ಎಂದರೆ ಓಬಳ ನಂಬುತ್ತಾನೆ, ಸಂತೋಷಪಡುತ್ತಾನೆ. ಕಾಡಿನಲ್ಲಿ ಕೇಳುವವರಾರು? ಅವನು ಬಾಣ ಹೂಡಿದ. ಹೆದೆಯನ್ನು ಕಿವಿಯವರೆಗೆ ಎಳೆದ.

ಎಳೆದು ಹಿಡಿದೇ ನಿಂತ. ಎಲ್ಲೋ ಹತ್ತಿರದಲ್ಲಿ ಇನ್ನೊಂದು ಮೊಲ ಮೂರು ಕಾಲಿನಲ್ಲಿ ಅಡಗಿ ಕುಳಿತಿದೆ. ಅದು ಸಾಯಲು ಇಡೀ ರಾತ್ರಿ ಬೇಕಾದೀತು. ಅವನು ಹೆದೆಯನ್ನು ಮೆಲ್ಲನೆ ಸಡಿಲಿಸಿದ. ಬಾಣವನ್ನು ಬತ್ತಳಿಕೆಗೆ ಹಾಕಿದ ಸದ್ದಿಗೆ ಮೊಲ ಚಂಗನೆ ಹಾರಿ ಹೋಯಿತು. ಅದು ಹೋದ ದಾರಿಯನ್ನು ನೋಡುತ್ತಾ ಕಮ್ಮಾರ ಒಬ್ಬನೇ ನಕ್ಕ. ಹಾರುವ ಹಕ್ಕಿಗೆ ಬಾಣ ತಗುಲಿದ ದಿನವೂ ಅವನ ಎದೆ ಅಷ್ಟು ಹಿಗ್ಗಿರಲಿಲ್ಲ. ಮತ್ತೆ ಮಂಡಿಯೂರಿ ಹುಡುಕತೊಡಗಿದ.

ಗಾಯಗೊಂಡ ಮೊಲ ಸಿಕ್ಕಿದ್ದು ಒಂದು ಬಂಡೆಯ ಸಂದಿನಲ್ಲಿ. ಕಣ್ಣು ತೆರೆದೇ ಇತ್ತು. ಕಮ್ಮಾರ ಅದರ ಕತ್ತು ಹಿಡಿದು ಒಂದೇ ಸಲಕ್ಕೆ ನೋವು ಮುಗಿಸಿದ. ಎದ್ದು ನಿಂತಾಗ ಸೂರ್ಯ ಪಡುವಣಕ್ಕೆ ವಾಲಿದ್ದ.

ಅವನು ಊರ ಬಾಗಿಲಿಗೆ ಬಂದಾಗ ಎಣಿಕೆ ಮುಗಿದಿತ್ತು. ಏಳು ಹಕ್ಕಿ ತಂದ ಒಬ್ಬ ಗಾಣಿಗನಿಗೆ ಕಣಿವೆಯ ಬಾಯಿ ಸಿಕ್ಕಿತ್ತು. ಹನ್ನೊಂದು ಹಕ್ಕಿಗಳ ಚೀಲವನ್ನು ಮುಂದಿಟ್ಟುಕೊಂಡು ಓಬಳ ತಲೆ ತಗ್ಗಿಸಿ ಕುಳಿತಿದ್ದ. ಹರಿದ ಅಂಗಿಯ ಕಮ್ಮಾರನನ್ನೂ ಅವನ ಕೈಯಲ್ಲಿದ್ದ ಒಂದು ಮೊಲವನ್ನೂ ಕಂಡು ಜನ ನಕ್ಕರು.

"ಇದಕ್ಕೇನಯ್ಯಾ ಇಷ್ಟು ಹೊತ್ತು?" ಎಂದು ಗೌಡರು ಕೇಳಿದರು.

"ಮೊದಲ ಏಟು ಸರಿಯಾಗಿ ಬೀಳಲಿಲ್ಲ ಗೌಡರೇ. ಹುಡುಕಬೇಕಾಯಿತು."

ನಗು ಹೆಚ್ಚಿತು. ಕಮ್ಮಾರ ತಲೆ ತಗ್ಗಿಸಲಿಲ್ಲ, ಬೇರೆ ಮಾತೂ ಆಡಲಿಲ್ಲ.

ಓಬಳ ಎದ್ದು ಬಂದು ಮೊಲವನ್ನು ಕೈಗೆ ತೆಗೆದುಕೊಂಡ. ಹಿಂಗಾಲಿನ ಗಾಯವನ್ನು ನೋಡಿದ. ಒಣಗಿದ ರಕ್ತವನ್ನು ಬೆರಳಿನಿಂದ ಮುಟ್ಟಿದ. ಗೆಳೆಯನ ಮಂಡಿ ನೋಡಿದ, ಅಂಗೈ ನೋಡಿದ. ಆಮೇಲೆ ಒಮ್ಮೆ ಕೆಮ್ಮಿ, ನಗುತ್ತಿದ್ದವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ:

"ಇವನಿಗೆ ಬಿಲ್ಲು ಕಲಿಸಿದವನು ನಾನು."

ನಗು ನಿಂತಿತು. ಗೆಳೆಯರಿಬ್ಬರೂ ಊರ ನಡುವಿನ ಬೀದಿಯಲ್ಲೇ ನಡೆದು ಮನೆಗೆ ಹೋದರು.

ಜಿಂಕೆ ಬೇಟೆಯ ದಿನ ಕಮ್ಮಾರ ಸಾಲಿನ ಕೊನೆಯಲ್ಲಿ ನಿಂತ. ಅತ್ತ ಒಂದು ಜಿಂಕೆಯೂ ಸುಳಿಯಲಿಲ್ಲ. ಅವನು ಸಂಜೆಯವರೆಗೂ ಬಿಲ್ಲು ಕೆಳಗಿಡದೆ ನಿಂತಿದ್ದು ಬಂದ. ಬಾಣ ಹೂಡಿ ಬಿಡದೆ ಹೋದ ಆ ಇನ್ನೊಂದು ಮೊಲದ ಸಂಗತಿಯನ್ನು ಹೆಂಡತಿಗೆ ಹೇಳಲಿಲ್ಲ, ಓಬಳನಿಗೂ ಹೇಳಲಿಲ್ಲ. ಕುಲುಮೆಯ ಮುಂದೆ ಒಬ್ಬನೇ ಇದ್ದಾಗ ಒಮ್ಮೊಮ್ಮೆ ಅದು ನೆನಪಾಗುತ್ತಿತ್ತು. ಆಗ ಅವನ ಸುತ್ತಿಗೆ ಹಗುರವಾಗಿ ಏಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅದೊಂದನ್ನು ಹೇಳಿದ್ದರೆ ನಕ್ಕ ಜನವೇ ಅವನನ್ನು ಹೊತ್ತು ಮೆರೆಸುತ್ತಿದ್ದರಲ್ಲ ಗುರುಗಳೇ! ಏಕೆ ಹೇಳಲಿಲ್ಲ?"

"ಹೇಳಿದ್ದರೆ ಹೆಮ್ಮೆ ಊರಿನದಾಗುತ್ತಿತ್ತು, ಅವನ ಪಾಲಿಗೆ ಬರೀ ಮೊಲ ಉಳಿಯುತ್ತಿತ್ತು" ಎಂದರು ಗುರುಗಳು.