ಜೋಳಿಗೆಗೆ ಬಿದ್ದ ಬಾಟಲಿ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿನ ಗುರುಗಳನ್ನು ಸುತ್ತಲಿನವರು ಅಜ್ಜಾರು ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ, ಶ್ರಾವಣದಲ್ಲಿ, ಅಜ್ಜಾರು ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುವರು. ಕಾಳುಕಡಿ ಬೇಡುತ್ತಿರಲಿಲ್ಲ. “ನಿಮ್ಮ ಚಟ ಹಾಕ್ರಿ” ಎಂದು ಬೇಡುವರು. ಒಬ್ಬ ತಂಬಾಕಿನ ಪೊಟ್ಟಣ ಹಾಕಿದರೆ ಇನ್ನೊಬ್ಬ ಬೀಡಿಯ ಕಟ್ಟು ಹಾಕುವನು.

ಆ ವರ್ಷ ಅವರ ಮೊಣಕಾಲು ಬಹಳ ನೋಯುತ್ತಿತ್ತು. ಜೋಳಿಗೆಯನ್ನು ಶಿಷ್ಯ ಗುರುಪಾದನ ಹೆಗಲಿಗೆ ಹಾಕಿ ಕಳಿಸಿದರು.

ಬಡಿಗ ಮೌನೇಶನ ಬಾಗಿಲಲ್ಲಿ ಗುರುಪಾದ ಬಹಳ ಹೊತ್ತು ನಿಂತ. ಮೌನೇಶ ಹದಿನೆಂಟು ವರ್ಷಗಳಿಂದ ಹಾಸಿಗೆ ಬಿಟ್ಟೇಳುತ್ತಲೇ ಕುಡಿಯುತ್ತಿದ್ದವನು. ಕೊನೆಗೆ ಒಳಗಿನಿಂದ ಬಾಟಲಿ ತಂದು ಜೋಳಿಗೆಗೆ ಹಾಕಿದ. ಹೆಂಡತಿ ಕಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊರಿನ ಅತಿ ಕಷ್ಟದ ಭಿಕ್ಷೆ ತನ್ನ ಜೋಳಿಗೆಗೇ ಬಿತ್ತೆಂದು ಗುರುಪಾದ ಹಿಗ್ಗಿದ.

ಮೂರನೆಯ ದಿನ ಬೆಳಿಗ್ಗೆ ಮೌನೇಶ ಮಠಕ್ಕೆ ಬಂದ. ಕಾಳವ್ವ ಅವನ ರಟ್ಟೆ ಹಿಡಿದಿದ್ದಳು. ಅವನ ಕೈ ನಡುಗುತ್ತಿತ್ತು. ಅಂಗಿ ಬೆವರಿಗೆ ತೊಯ್ದಿತ್ತು.

“ಅದನ್ನ ಹೊಳ್ಳಿ ಕೊಡ್ರಿ. ಒಂದ ಗುಟುಕು ಸಾಕು.”

“ಹಾಕಿದ ಭಿಕ್ಷಾ ಯಾರರ ಹೊಳ್ಳಿ ಕೇಳ್ತಾರೇನು?” ಎಂದ ಗುರುಪಾದ. “ನಿನ್ನ ಮಾತಿಗೆ ಮೂರ ದಿನದ್ದ ಆಯುಷ್ಯ ಏನು? ಗದ್ದಗಿ ಮುಂದ ಕೂಡು. ನಮಃ ಶಿವಾಯ ಅನ್ನು.”

ಮೌನೇಶ ಕೂತ. ಕೂತವನು ಧೋತರದ ಮೇಲಿಂದ ಏನನ್ನೋ ಕೊಡವತೊಡಗಿದ.

“ಏನದು ನಾಟಕ?”

“ಇರುವಿ ರೀ. ಎಷ್ಟ ಕೊಡವಿದ್ರೂ ಹತ್ತಾಕತ್ತಾವ.”

ಧೋತರದ ಮೇಲೆ ಒಂದೂ ಇರುವೆ ಇರಲಿಲ್ಲ.

ಅಜ್ಜಾರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮೌನೇಶನ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದು ನೋಡಿದರು.

“ಗುರುಪಾದ, ಓಡು. ಟಂಟಂ ಕರಕೊಂಡ ಬಾ.”

“ಅಜ್ಜಾರ, ಒಂದ ತಾಯತ ಕಟ್ಟಿದ್ರ...”

“ತಾಯತ ಆಮ್ಯಾಲ ಕಟ್ಟೂಣು. ಮೊದ್ಲ ಟಂಟಂ.”

ಮೂರು ಗಾಲಿಯ ಆ ಗಾಡಿಯಲ್ಲಿ ನಾಲ್ವರೂ ತಾಲೂಕಿನ ಆಸ್ಪತ್ರೆಗೆ ಹೋದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಸಲೈನ್ ಹಚ್ಚಿ, ಆಮೇಲೆ ಕೇಳಿದರು.

“ಒಮ್ಮೆಲೇ ಬಿಡಿಸಿದವರು ಯಾರು?”

ಗುರುಪಾದ ಅಜ್ಜಾರ ಹಿಂದಕ್ಕೆ ಸರಿದ.

“ಇಷ್ಟು ವರ್ಷ ಕುಡಿದ ಮೈ ಇದು. ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರ್ತದೆ, ಜೀವಾನೂ ಹೋಗ್ತದೆ. ಬಿಡಬೇಕು, ಖರೆ. ಆದ್ರೆ ಔಷಧ ಕೊಟ್ಟು, ಕಣ್ಣೆದುರಿಗೆ ಇಟ್ಟುಕೊಂಡು ಬಿಡಿಸಬೇಕು.”

ಅವರು ಚೀಟಿ ಬರೆದುಕೊಟ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಕುಡಿತ ಬಿಡಿಸಲೆಂದೇ ಒಂದು ವಾರ್ಡ್ ಇತ್ತು. ಒಂದು ತಿಂಗಳು ಇರಬೇಕು. ಜೊತೆಗೆ ಮನೆಯವರೊಬ್ಬರು ಇರಬೇಕು. ಹಾಸಿಗೆಗೆ ದುಡ್ಡು ಕೊಡಬೇಕಿಲ್ಲ.

ಕಾಳವ್ವ ಚೀಟಿ ಹಿಡಿದು ನಿಂತೇ ಇದ್ದಳು.

“ಹಾಸಿಗಿ ಪುಕ್ಕಟ ಖರೆ ರೀ. ನಾನೂ ತಿಂಗಳ ತನಕ ಅಲ್ಲೇ ಕುಂತ್ರ ಮನ್ಯಾಗಿನ ಎರಡ ಹುಡುಗ್ರು ಏನ ತಿನ್ಬೇಕು? ಹೊರಗಿನ ಔಷಧಕ್ಕ, ಬಸ್ಸಿಗೆ ಎಲ್ಲಿಂದ ತರ್ಲಿ?”

ಅಜ್ಜಾರು ಶಿಷ್ಯನ ಕಡೆ ತಿರುಗಿದರು.

“ಜೋಳಿಗಿ ಎಲ್ಲೈತಿ?”

“ಮಠದಾಗ, ಗೂಟಕ್ಕೈತ್ರಿ.”

“ಹಾಕ್ಕೊ.”

“ಕುಡುಕನ ಸಲುವಾಗಿ ಬೇಡ್ಲಿ? ಮಂದಿ ಏನಂತಾರ ರೀ?”

“ಹೋಗಿ ಕೇಳ್ಕೊಂಡ ಬಾ.”

ಮಂದಿ ಅನ್ನುವುದನ್ನು ಅಂದರು. ಕಿರಾಣಿ ಅಂಗಡಿಯ ಈರಪ್ಪ ತಕ್ಕಡಿ ಹಿಡಿದುಕೊಂಡೇ ನಕ್ಕ.

“ಹೋದ ವಾರ ಬಾಟ್ಲಿ ಬೇಡಿದ್ರಿ. ಈ ವಾರ ಬಾಟ್ಲಿ ರೊಕ್ಕಾ ಬೇಡಾಕ ಬಂದೀರೇನು?”

ಗುರುಪಾದನ ನಾಲಿಗೆಯ ತುದಿಗೆ ಬಿರುಸಾದ ಉತ್ತರ ಬಂತು. ನುಂಗಿದ.

“ತಪ್ಪು ನಂದೈತಿ. ಬಾಟ್ಲಿ ಇಸ್ಕೊಂಡೆ. ಇಸ್ಕೊಂಡ ಮ್ಯಾಲ ಮನಷ್ಯಾ ಹೆಂಗದಾನ ಅಂತ ಕೇಳಾಕ ಹೋಗ್ಲಿಲ್ಲ. ಅಂವ ಸಾಯೂ ಹಂಗ ಆಗಿದ್ದ.”

ಈರಪ್ಪ ನಗುವುದನ್ನು ಬಿಟ್ಟ. ತಕ್ಕಡಿ ಕೆಳಗಿಟ್ಟ.

“ಅವರ ಮನಿಗೆ ತಿಂಗಳದ ಜ್ವಾಳ, ಬ್ಯಾಳಿ ನಾ ಕಳಸ್ತೀನಿ. ಮುಂದ ನಡೀರಿ.”

ಎರಡನೆಯ ಬಾಗಿಲಲ್ಲಿ ಅದೇ ಮಾತು ಹೇಳುವುದು ಇನ್ನೂ ಕಷ್ಟವಾಯಿತು. ಹತ್ತನೆಯ ಬಾಗಿಲಲ್ಲಿ ಸ್ವಲ್ಪ ಹಗುರಾಯಿತು. ಕೆಲವರು ಹತ್ತು ರೂಪಾಯಿ ಹಾಕಿದರು, ಕೆಲವರು ನೂರು. ಇಬ್ಬರು ಬಾಗಿಲು ಹಾಕಿಕೊಂಡರು.

ಕೊನೆಯ ಮನೆಯಲ್ಲಿ ನೀಲವ್ವ ಎಂಬ ಮುದುಕಿ ಇದ್ದಳು.

“ಈ ಬಾಗ್ಲಾ ಕೂಡಿಸಿದಾಂವ ಮೌನೇಶ,” ಎಂದಳು. “ಹದಿನೈದ ವರ್ಷಾತು, ಒಂದ ದಿನ ಕಿರ್ ಅಂದಿಲ್ಲ. ರೊಕ್ಕಾ ನನ್ನ ಹಂತ್ಯಾಕ ಇಲ್ಲಪ್ಪ. ಹುಡುಗ್ರನ್ನ ನನ್ನ ಮನಿಗೆ ಕಳಸು.”

ತಿಂಗಳ ಮೇಲೆ ಮೌನೇಶ ಜಿಲ್ಲಾ ಆಸ್ಪತ್ರೆಯಿಂದ ಊರಿಗೆ ಬಂದ. ಗಲ್ಲ ತುಂಬಿಕೊಂಡಿತ್ತು. ಅಜ್ಜಾರ ಮೊಣಕಾಲಿಗೆಂದು ಎತ್ತರದ ಮಣೆಯೊಂದನ್ನು ಮಾಡಿ ತಂದ. ಅಜ್ಜಾರು ಕೂತು, ಆ ಕಡೆ ಈ ಕಡೆ ವಾಲಿ ನೋಡಿದರು.

“ಅಲ್ಲಾಡವಲ್ದಲ್ಲೋ.”

“ಮಾಡಿದ ಕೈ ಅಲ್ಲಾಡ್ಲಿಲ್ಲ ನೋಡ್ರಿ,” ಎಂದು ಮೌನೇಶ ನಕ್ಕ. ಕಾಳವ್ವನೂ ನಕ್ಕಳು.

ದೀಪಾವಳಿ ಕಳೆಯಿತು. ಒಂದು ಮಧ್ಯಾಹ್ನ ಗುರುಪಾದ ಊಟಕ್ಕೆ ಕೂತಿದ್ದಾಗ ಮೌನೇಶ ಬಂದು ಮಠದ ಮೆಟ್ಟಿಲ ಕೆಳಗೇ ನಿಂತ.

“ಅಜ್ಜಾರ, ಬೀಗರ ಮದಿವ್ಯಾಗ ಕುಡದ್ನಿ. ಎರಡ ದಿನ ಕುಡದ್ನಿ. ಕೈ ಹಿಡಕೊಂಡ ಯಾರೂ ಕರಕೊಂಡ ಬಂದಿಲ್ಲ, ನಾನ ಬಂದೀನಿ. ಮತ್ತ ಅಲ್ಲಿಗೆ ಕಳಸ್ರಿ.”

“ಒಳಗ ಬಾ,” ಎಂದರು ಅಜ್ಜಾರು. “ಮೊದ್ಲ ಕೈಕಾಲು ತೊಳಕೊ.”

ಮೌನೇಶ ಬಾವಿಯ ಕಡೆ ಹೋದ. ಗುರುಪಾದ ದನಿ ತಗ್ಗಿಸಿದ.

“ಊರ ಮಂದಿಗೆ ಮತ್ತ ಹೆಂಗ ಮಾರಿ ತೋರಿಸ್ಲಿ ರೀ? ಮನಿಮನಿಗೆ ಹೋಗಿ ತಪ್ಪೊಪ್ಪಿ ಬೇಡಿ ತಂದೆ. ಎಲ್ಲಾ ದಂಡ ಆತಲ್ಲ.”

ಅಜ್ಜಾರು ಶಿಷ್ಯನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

“ನಿನ್ನಿ ಉಂಡಿದ್ದಿಲ್ಲೋ?”

“ಉಂಡಿದ್ದೆ ರೀ.”

“ಇವತ್ತ ಮತ್ತ ಹಸಿವಾತು. ನಿನ್ನಿ ಊಟ ದಂಡ ಆತೇನು?”