ಬಾಳಪ್ಪನ ಎರಡನೆಯ ನಮಸ್ಕಾರ

ಪರಮಪೂಜ್ಯ ಗುರುಶಾಂತ ಅಜ್ಜನವರು ಹಳ್ಳದ ದಂಡೆಯ ಮಣ್ಣಿನ ಮಠದಲ್ಲಿದ್ದ ಕಾಲ. ಮಠವೆಂದರೆ ಎರಡು ಖೋಲಿ, ಒಂದು ಅಂಗಳ, ಅಂಗಳದ ಪೂರ್ವಕ್ಕೊಂದು ಬೇವಿನ ಗಿಡ, ಇಷ್ಟೇ. ದಾಸೋಹದ ಜೋಳವನ್ನೂ ಪೂಜ್ಯರು ಸ್ವತಃ ಹಸನು ಮಾಡುತ್ತಿದ್ದರು. ಒಂದು ಸಂಜೆ ಹೀಗೆ ಮೊರ ಹಿಡಿದು ಕುಳಿತಿದ್ದಾಗ ಪೈಲ್ವಾನ ಬಾಳಪ್ಪ ಬಂದು ಕಂಬದಂತೆ ನಿಂತನು.

ಇವನ ಅಣ್ಣ ಅಡಿವೆಪ್ಪ ಊರ ಗರಡಿಯ ಉಸ್ತಾದ. ತಮ್ಮನಿಗೆ ಕುಸ್ತಿಯನ್ನೂ ಸೂರ್ಯನಮಸ್ಕಾರವನ್ನೂ ಕಲಿಸಿದವನು ಅವನೇ. ಸಣ್ಣ ಹುಡುಗರೆದುರು ಅಣ್ಣ ಗದರಿದನೆಂದು ಬಾಳಪ್ಪ ಗರಡಿ ಬಿಟ್ಟ, ಮಾತೂ ಬಿಟ್ಟ. ಅಣ್ಣನೇನು ಕಡಿಮೆಯೇ? ಅವನೂ ಬಾಯಿಗೆ ಬೀಗ ಜಡಿದ. ನಡುವೆ ಅವರವ್ವನ ಪಾಡು ಯಾರಿಗೂ ಬೇಡ.

"ಅಜ್ಜಾರ, ಅಣ್ಣನ ಮಗಳ ಮದುವಿ ಬಂತ್ರಿ. ನಾ ಹೆಗಲ ಮ್ಯಾಲೆ ಆಡಿಸಿದ ಕೂಸು. ಅಕಿಗೆ ಅಕ್ಕಿಕಾಳು ಹಾಕದಿದ್ರ ಜೀವಕ್ಕ ಸಮಾಧಾನಿಲ್ಲ. ಆದ್ರ ನಾ ಮೊದಲ ಬಾಗಾಂವಲ್ಲ. ದೇವರ ಬಂದು ಹೇಳಿದ್ರೂ ಬಾಗಾಂವಲ್ಲ!"

ಅಜ್ಜನವರು ನಕ್ಕರು. "ಬ್ಯಾಡ ಬಿಡು. ಸೂರ್ಯಗ ಬಾಗ್ತಿ ಇಲ್ಲೋ? ನಾಳೆ ಮುಂಜಾನೆ ಈ ಅಂಗಳದಾಗ ನಮಸ್ಕಾರ ಹಾಕು."

"ಅದೇನ್ ದೊಡ್ಡದ್ರಿ, ದಿನಾ ಹಾಕೂದ" ಎಂದು ಬಾಳಪ್ಪ ಅಲ್ಲೇ ಮಲಗಿದನು.

ಮದುವೆಯ ಮೊದಲ ಕರೆ ಮಠಕ್ಕೆ ಎಂಬುದು ಆ ಸೀಮೆಯ ಪದ್ಧತಿ. ಮರುದಿನ ಯಾರು ಬರುವವರೆಂದು ಪೂಜ್ಯರಿಗೆ ಗೊತ್ತಿತ್ತು. ಗುರುಗಳ ಆಟ! ಹೊತ್ತು ಮೂಡುವಾಗ ಅಡಿವೆಪ್ಪ ಎಲೆ-ಅಡಿಕೆ ಹಿಡಿದು ಬಂದನು. ಅಜ್ಜನವರು ತುಟಿಯ ಮೇಲೆ ಬೆರಳಿಟ್ಟು ಬೇವಿನ ಗಿಡದ ಕಡೆ ಕೈ ತೋರಿದರು. ಅವನು ಹೋಗಿ ಅದರ ಬುಡದಲ್ಲಿ ನಿಂತನು.

ಇತ್ತ ಬಾಳಪ್ಪ ಕಣ್ಣು ಮುಚ್ಚಿ, ಪೂರ್ವಕ್ಕೆ ಮುಖ ಮಾಡಿ, "ಓಂ ಮಿತ್ರಾಯ ನಮಃ" ಎಂದು ಕೈ ಮೇಲೆತ್ತಿದ, ಬಾಗಿದ, ಕಾಲು ಹಿಂದೆ ಚಾಚಿ ಎದೆ ಹಣೆ ನೆಲಕ್ಕೆ ಹಚ್ಚಿದ. ಎದ್ದು ಕಣ್ಣು ಬಿಟ್ಟರೆ ಎದುರಿಗೆ ಅಣ್ಣ! ಕಣ್ತುಂಬ ನೀರು, ಎರಡೂ ಕೈ ಚಾಚಿದ್ದಾನೆ.

"ಸಾಕೋ ತಮ್ಮಾ, ಸಾಕು."

ಬಾಳಪ್ಪ "ನಾ ನಿನಗ ಹಾಕಿದ್ದಲ್ಲ" ಎನ್ನಲು ಬಾಯಿ ತೆರೆದ. ಆ ಒಂದು ಮಾತು ಹೊರಬಿದ್ದಿದ್ದರೆ ಅಣ್ಣನೂ ಇಲ್ಲ, ಮದುವೆಯೂ ಇಲ್ಲ. ದಿಕ್ಕುಗಾಣದೆ ಪೂಜ್ಯರತ್ತ ನೋಡಿದ.

"ಒಂದಕ್ಕ ನಿಂತ್ಯಲ್ಲೋ? ಇನ್ನೊಂದು ಹಾಕು" ಎಂದರು ಅಜ್ಜನವರು.

ಬಾಳಪ್ಪ ಬಾಯಿ ಮುಚ್ಚಿದ. ಈ ಸಲ ಕಣ್ಣು ಮುಚ್ಚಲಿಲ್ಲ. ಅಣ್ಣನ ಪಾದಗಳನ್ನೇ ನೋಡುತ್ತ ಬಾಗಿ, ಅವುಗಳ ಮೇಲೆ ಹಣೆಯಿಟ್ಟು ಗೊಳೋ ಎಂದು ಅತ್ತನು.

ಮದುವೆಯ ಪಂಕ್ತಿಯಲ್ಲಿ ಅವನಿಗೆ ತುತ್ತು ಇಳಿಯಲೊಲ್ಲದು. "ಅಣ್ಣಾ, ಖರೇ ಹೇಳ್ತೀನಿ, ಅವತ್ತ ಮೊದಲನೇದು ಸೂರ್ಯಗ ಹಾಕಿದ್ದೋ."

ಅಡಿವೆಪ್ಪ ಹೊಟ್ಟೆ ಹಿಡಿದು ನಕ್ಕನು. "ನಿನಗ ಅದನ್ನ ಕಲಿಸಿದಾಂವ ಯಾರಲೇ? ಮಂತ್ರ ನನಗ ಕೇಳಿಸಲಿಲ್ಲಂತ ಮಾಡಿಯೇನು? ನಾನೂ ಒಂದು ನೆಪಕ್ಕ ಕಾಯಾಕತ್ತಿದ್ದೆ."

ಇಬ್ಬರೂ ಅಜ್ಜನವರ ಕಡೆ ತಿರುಗಿದರು. ಪೂಜ್ಯರು ಏನೂ ಅರಿಯದವರಂತೆ ಗೋದಿ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಮರುದಿನದಿಂದ ಬಾಳಪ್ಪ ಮತ್ತೆ ಗರಡಿಗೆ ನಡೆದನು. ಬೆಳಗಿನ ಮೊದಲ ನಮಸ್ಕಾರ ಸೂರ್ಯನಿಗೆ, ಎರಡನೆಯದು ಅಣ್ಣನಿಗೆ.