ಜವರ ನಡೆದದ್ದು, ಜವರ ಎತ್ತಿದ್ದು

ಹೂಂಗುಟ್ಟೋರು ಹತ್ತಿರ ಬನ್ನಿ, ಆಕಳಿಸೋರು ಗೋಡೆ ಕಡೆ ಸರೀರಿ. ನಗು ಬಂದರೆ ನಗಿ, ನಾನು ಬೇಡ ಅನ್ನಲ್ಲ.

ಒಂದೂರಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಮೈ ನೋಡಿದರೆ ರಾಗಿ ಕಣಜ, ಬುದ್ಧಿ ನೋಡಿದರೆ ಹೇಳಿದಷ್ಟೇ. ಕೂತ್ಕೊ ಅಂದರೆ, ಏಳು ಅನ್ನೋ ತನಕ ಕೂತಿರೋನು! ಆದರೆ ಮುದ್ದೆ ನುಂಗೋದರಲ್ಲಿ ಅವನನ್ನು ಮೀರಿಸೋರಿಲ್ಲ. ಯಾರ ಮನೇಲಿ ಬೀಗರೂಟ ಆದರೂ ಮೊದಲು ಜವರನಿಗೇ ಕರೆ. ಸುತ್ತ ನಿಂತು "ಹಾಕ್ರಲಾ ಇನ್ನೊಂದ!" ಅಂತ ಕೂಗೋರು, ಬೆನ್ನು ತಟ್ಟೋರು. ಅವನಿಗೆ ಅದೇ ಸ್ನೇಹ, ಅದೇ ನೆಂಟಸ್ತಿಕೆ.

ತಿಂದೂ ತಿಂದೂ ಒಂದು ದಿನ ಉಸಿರು ಸಿಕ್ಕಿಕೊಂಡಿತು. ದೊಡ್ಡಾಸ್ಪತ್ರೆಯವರು ಆಪರೇಷನ್ ಮಾಡಿ, ಚೀಲದಂಥ ಹೊಟ್ಟೇನ ಬಾಳೆಕಾಯಷ್ಟು ಮಾಡಿ ಕಳಿಸಿದರು. ಜೀವ ಉಳಿಯಿತು. ಮುದ್ದೆ ಹೋಯಿತು, ಮುದ್ದೆ ಜೊತೆ ಜನವೂ ಹೋದರು. ನಾಲ್ಕು ತುತ್ತಿಗೆ ಸಾಕು ಅನ್ನೋನನ್ನ ಯಾರು ಕರೀತಾರೆ ಹೇಳಿ? ಬೀಗರೂಟಕ್ಕೆ ಹೋಗೋರೆಲ್ಲ ಅವನ ಜಗಲಿ ಮುಂದೇನೇ ಹೋಗೋರು. ಒಬ್ಬನಾದರೂ "ಏನ್ಲಾ ಜವರ" ಅನ್ನಬೇಡವೇ? ಅನ್ನುತ್ತಿರಲಿಲ್ಲ. ಅವನು ಕೂತು ನೋಡೋನು, ಒಳಗೆ ತಾಯಿ ಕಣ್ಣೊರೆಸಿಕೊಳ್ಳೋಳು.

ಆಸ್ಪತ್ರೆ ನರ್ಸಮ್ಮ ಹೇಳಿದ್ದಳು, "ಜವರಪ್ಪ, ದಿನಾ ನಡೀಬೇಕು. ಬೆವರು ಬರೋ ತನಕ ನಿಲ್ಲಬಾರದು."

"ಆಯ್ತು ಕನಕ್ಕ!"

ಹೊರಟ. ಹೊರಟ ದಿನವೋ, ಚಳಿ, ಜಡಿಮಳೆ! ಬೆವರು ಎಲ್ಲಿಂದ ಬರಬೇಕು? ನಡೆದ. ಊರು ದಾಟಿದ, ಪಕ್ಕದೂರು ದಾಟಿದ, ಅದರಾಚೆ ಊರೂ ದಾಟಿದ. ಎದುರು ಬಂದೋರನ್ನೆಲ್ಲ ನಿಲ್ಲಿಸಿ ಕೆನ್ನೆ ತೋರಿಸೋನು. "ಅಣ್ಣ, ಇದು ಬೆವರಾ, ಮಳೆನಾ?" "ಮಳೆ ಕಣಯ್ಯ!" "ಹಂಗಾರೆ ಬತ್ತೀನಿ." ಮತ್ತೆ ನಡೆದ. ಕೊನೆಗೆ ಕಾಲು ಸೋತು ಬಿದ್ದವನನ್ನು ಯಾರೋ ಹಾಲಿನ ವ್ಯಾನಿನಲ್ಲಿ ಹಾಕಿ ಕಳಿಸಿದರು.

ತಾಯಿ ಹಣೆ ಚಚ್ಚಿಕೊಂಡಳು. "ಅಯ್ಯೋ ಮೂದೇವಿ! ಬರೀ ನಡುದ್ರೆ ಕೊಬ್ಬಿನ ಜೊತೆ ಮಾಂಸನೂ ಕರಗೋಯ್ತದಂತೆ ಕಣ್ಲಾ! ನರ್ಸಮ್ಮ ಫೋನಲ್ಲಿ ಅಂದ್ಲು. ಭಾರನೂ ಎತ್ಬೇಕಂತೆ. ಎತ್ಬೇಕು, ನಿಧಾನಕ್ಕೆ ಇದ್ದ ಜಾಗಕ್ಕೇ ಇಳಿಸ್ಬೇಕು. ತಿಳೀತಾ?"

"ತಿಳೀತು ಕನವ್ವ!"

ಮಾರನೇ ದಿನ ಬಸ್ ಸ್ಟ್ಯಾಂಡಿಗೆ ಹೋದ. ಒಬ್ಬಳು ಹೆಂಗಸು ಸೊಪ್ಪಿನ ಮೂಟೆ ಇಟ್ಟುಕೊಂಡು ನಿಂತಿದ್ದಳು. "ಅಣ್ಣ, ಬಸ್ಸು ಬಂತು, ಮೂಟೆ ಒಸಿ ಎತ್ಕೊಡಣ್ಣ!" ಜವರನಿಗೆ ಖುಷಿಯೋ ಖುಷಿ. ಎತ್ತಿದ. ನಿಧಾನಕ್ಕೆ ಇದ್ದ ಜಾಗಕ್ಕೇ ಇಳಿಸಿದ. "ಅಯ್ಯೋ, ಬಸ್ಸಿಗೆ ಹಾಕಣ್ಣ!" ಮತ್ತೆ ಎತ್ತಿದ, ಮತ್ತೆ ಇಳಿಸಿದ. ಅವಳು ಕೂಗೋಳು, ಇವನು ಎತ್ತೋನು, ಇಳಿಸೋನು. ಬಸ್ಸು ಹೋಯಿತು. ಅವಳು ಬೈದ ಬೈಗುಳ ನಾನಿಲ್ಲಿ ಹೇಳಲ್ಲ, ಮಕ್ಕಳವೆ.

ಸುದ್ದಿ ತಾಯಿಗೆ ಮುಟ್ಟಿತು. "ಲೋ ಪೆದ್ದ! ಎತ್ತಿದ್ಮೇಲೆ ಅಲ್ಲೇ ಇಳಿಸ್ತಾರೇನ್ಲಾ? ಎಲ್ಲಿಗೋಗ್ಬೇಕು ಅಂತ ಕೇಳು, ಅಲ್ಲಿಗೆ ಮುಟ್ಸು!"

"ಮುಟ್ಟಿಸ್ತೀನಿ ಕನವ್ವ!"

ಮಾರನೇ ದಿನ ಅರಳಿಕಟ್ಟೆ ಮೇಲೆ ಮರೀಗೌಡ ಕೂತಿದ್ದ. ಕಡ್ಡಿಯಂಥ ಮುದುಕ, ಎತ್ತಲು ಹದವಾದ ಭಾರ. "ತಾತ, ನೀನು ಎಲ್ಲಿಗೋಗ್ಬೇಕು?" ಮುದುಕ ನಿಟ್ಟುಸಿರು ಬಿಟ್ಟ. "ಈ ವಯಸ್ಸಲ್ಲಿ ಇನ್ನೆಲ್ಲಿಗಪ್ಪ? ಸುಡುಗಾಡಿಗೇ!" ಅಂದದ್ದೇ ತಡ, ಜವರ ಎತ್ತಿ ಹೆಗಲಿಗೆ ಹಾಕಿಕೊಂಡ! "ಇಳಿಸ್ಲಾ! ಲೋ, ಇನ್ನೂ ಬದುಕಿವ್ನಿ ಕಣ್ಲಾ!" ಮುದುಕ ಬೈದ, ಗುದ್ದಿದ, ಕಿವಿ ಹಿಂಡಿದ. ಜವರ ಸುಡುಗಾಡಿನಲ್ಲಿ ಮೆಲ್ಲಗೆ ಇಳಿಸಿ, "ಬಂತು ತಾತ" ಅಂದ. ಮುದುಕನ ಕೋಲು ಮುರಿಯೋ ತನಕ ಏಟು ಬಿತ್ತು.

ಮನೆಗೆ ನಗುನಗುತ್ತಾ ಬಂದ. "ಅವ್ವ, ತಾತ ದಾರಿ ಉದ್ದಕೂ ನನ್ ಜೊತೆ ಮಾತಾಡ್ತು!"

"ಏನಂತ್ಲಾ?"

"ಬೈತು ಕನವ್ವ."

ತಾಯಿಗೆ ಬಯ್ಯೋ ಬಾಯೇ ಬರಲಿಲ್ಲ. ಆಪರೇಷನ್ ಆದಮೇಲೆ ಮಗನ ಜೊತೆ ಅಷ್ಟು ಹೊತ್ತು ಮಾತಾಡಿದ ಮೊದಲನೇ ಮನುಷ್ಯ ಆ ಮುದುಕ. "ಮಗ, ಒಬ್ಬೊಬ್ರನ್ನ ಎತ್ಬೇಡ. ನಾಕು ಜನ ಇರೋ ಕಡೆ ಹೋಗು. ನಡಿಯೋದು, ಎತ್ತೋದು ಎರಡೂ ಸಮಸಮ ಮಾಡು" ಅಂದಳು.

ನಾಲ್ಕು ಜನ ಎಲ್ಲಿರುತ್ತಾರೆ? ಬೀಗರೂಟದಲ್ಲಿ! ಕೆಳಗಿನ ಬೀದಿ ಚಪ್ಪರದಲ್ಲಿ ಊರಿಗೆ ಊರೇ ಕೂತಿತ್ತು. ಎಲೆಗೆ ಸಾರು ಬಿದ್ದಿತ್ತು, ಮುದ್ದೆ ಬರಬೇಕಿತ್ತು. ಮೂಲೆಯಲ್ಲಿ ದೊಡ್ಡ ಬಿದಿರ ಮಂಕರಿ ತುಂಬ ಮುದ್ದೆ. ಕರೆಯದೇ ಹೋದ ಜವರ ಸೀದಾ ಮಂಕರಿ ಎತ್ತಿದ. ಎತ್ತಿದ್ದಾಯಿತು, ಸಮಸಮ ನಡೀಬೇಕಲ್ಲ? ನಡೆದ!

"ಹಿಡೀರ್ಲಾ! ಮುದ್ದೆ ಹೋಯ್ತು!" ಎದ್ದರು ನೋಡಿ, ಸಾರಿನ ಕೈಯಲ್ಲೇ ಊರೆಲ್ಲ ಹಿಂದೆ! ಜವರ ತಿರುಗಿ ನೋಡಿದ. ತನ್ನ ಜೊತೆ ನಡೆಯೋಕೆ ಇಷ್ಟು ಜನವಾ! "ಬನ್ನಿ ಬನ್ನಿ! ಬೇಗ ಬನ್ನಿ!" ಅಂತ ಕೂಗಿದ. ಕೆರೆ ಏರಿ ಮೇಲೆ ಹಿಡಿದರು, ಮಂಕರಿ ಕಿತ್ತುಕೊಂಡರು, ಎರಡು ಬಿಗಿದು ಹೋದರು. ಏರಿ ಮೇಲೆ ಅವನೊಬ್ಬನೇ ಉಳಿದ. ಆಗ ಅವನ ಮುಖ ನೋಡೋಕೆ ಯಾರೂ ಇರಲಿಲ್ಲ, ನೋಡಿದ್ದರೆ ಅವರಿಗೂ ಮುದ್ದೆ ಇಳೀತಿರಲಿಲ್ಲ.

ಈ ಸಲ ತಾಯಿ ಕೆಂಡವಾದಳು. "ಊರೋರ ಬಾಯಿಗೆ ಬೀಳಿಸ್ಬುಟ್ಯಲ್ಲೋ! ಇನ್ಮೇಲೆ ಯಾರು ಕರುದ್ರೂ ಊಟದ ಮನೆಗೆ ಹೋಗ್ಬೇಡ! ಮಂಕರಿ ಮುಟ್ಬೇಡ! ಕೇಳುಸ್ತಾ?"

"ಕೇಳುಸ್ತು ಕನವ್ವ."

ಸ್ವಲ್ಪ ದಿನಕ್ಕೆ ಮರೀಗೌಡನ ಮೊಮ್ಮಗಳ ಬೀಗರೂಟ ಬಂತು. ಸಣ್ಣತಾಯಮ್ಮ ಸಂತೆಗೆ ಹೋಗಿದ್ದಳು. ಮುದುಕ ಹೊಸ ಕೋಲೂರಿಕೊಂಡು ತಾನೇ ಜಗಲಿಗೆ ಬಂದ. "ಬಾರ್ಲಾ ಜವರ. ನನ್ನನ್ನೇ ಹೊತ್ತೋನು ಮಂಕರಿ ಹೊರಕ್ಕಿಲ್ವಾ? ಪಂಕ್ತಿ ಉದ್ದಕೂ ನೀನೇ ಮುದ್ದೆ ಬಡಿಸು. ಎತ್ತಿದಂಗೂ ಆಯ್ತದೆ, ನಡುದಂಗೂ ಆಯ್ತದೆ. ಜನದ ಮಧ್ಯೆ ಇದ್ದಂಗೂ ಆಯ್ತದೆ."

ಜವರನ ಕಾಲು ಎದ್ದೇ ಬಿಟ್ಟಿತ್ತು. ಮತ್ತೆ ಕೂತ. "ಇಲ್ಲ ತಾತ. ಯಾರು ಕರುದ್ರೂ ಹೋಗ್ಬೇಡ ಅಂದವ್ಳೆ ಅವ್ವ."

"ನಾನು ಹೇಳ್ತೀನಿ ಬಾರ್ಲಾ!"

"ಇಲ್ಲ ತಾತ."

ಮುದುಕ ಮತ್ತೂ ಕರೆದ, ಗದರಿದ. ಕೊನೆಗೆ "ನಿನ್ನಿಷ್ಟ" ಅಂತ ಬೇಜಾರಾಗಿ ಹೋದ. ಬಡಿಸೋಕೆ ಬೇರೆಯವರನ್ನು ಕರೆದರು.

ಸಂಜೆ ತಾಯಿ ಬಂದಾಗ ಜವರ ಜಗಲಿ ಮೇಲೆ ನೆಟ್ಟಗೆ ಕೂತಿದ್ದ. ಚಪ್ಪರದ ಕಡೆಯಿಂದ ನಗು ಕೇಳಿಸುತ್ತಿತ್ತು. "ಅವ್ವ, ತಾತನೇ ಬಂದು ಮುದ್ದೆ ಬಡಿಸು ಬಾ ಅಂತ ಕರೀತು. ಎಷ್ಟು ಕರುದ್ರೂ ನಾನು ಹೋಗ್ನಿಲ್ಲ! ಈ ಸಲ ಸರಿಯಾಗಿ ಮಾಡುದ್ನಾ?"

ತಾಯಿ ಸಂತೆ ಚೀಲ ಅಲ್ಲೇ ಬಿಟ್ಟು ಅವನ ಪಕ್ಕ ಕೂತಳು. ಮಗನ ತಲೆ ಸವರಿದಳು.

"ಹೂಂ ಕಣ್ ಮಗ" ಅಂದಳು. "ಸರಿಯಾಗೇ ಮಾಡ್ದೆ."